ಮೂರು ಗಂಟೆಯ ಟೆಂಪೊ

ಮಳೆಗಾಲದ ಎರಡು ತಿಂಗಳು ಬೋಟುಗಳೆಲ್ಲ ದಡದಲ್ಲಿ ಕೂತಿರುವಾಗ ಅಮ್ಮ ಪೂರ್ತಿ ನನ್ನವಳಾಗಿರುತ್ತಿದ್ದ ಕಾಲವದು. ನಾನಾಗ ನಾಲ್ಕನೇ ಕ್ಲಾಸು. ಹಂಗಾರಕಟ್ಟೆಯ ನಮ್ಮ ಮನೆಯಲ್ಲಿ ಅವಳ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಮಲಗಿದರೆ ಬೆಳಿಗ್ಗೆ ಏಳರವರೆಗೂ ಎಚ್ಚರವಿಲ್ಲ. ಎಷ್ಟು ಒಗೆದರೂ ಹೋಗದ ಬಂಗುಡೆಯ ವಾಸನೆ ಆ ಸೆರಗಿಗೆ. ನನಗೆ ಅದೇ ಜೋಗುಳ.

ಬೋಟುಗಳು ಕಡಲಿಗಿಳಿದವೋ, ಆ ಸುಖಕ್ಕೆ ಕಲ್ಲು ಬಿತ್ತು. ಮೀನು ಮಾರುವ ಹೆಂಗಸರನ್ನು ಮಲ್ಪೆ ಬಂದರಿನ ದಕ್ಕೆಗೆ ಒಯ್ಯುವ ಟೆಂಪೊ ಬೆಳಗಿನ ಜಾವ ಮೂರಕ್ಕೇ ಓಣಿಯ ತುದಿಗೆ ಬರುತ್ತಿತ್ತು. ಮೊದಲ ದಿನ ಎದ್ದಾಗ ಬೆರಳಿನಲ್ಲಿ ಸೆರಗಿಲ್ಲ, ಚಾಪೆಯ ಆ ಬದಿ ತಣ್ಣಗಿತ್ತು. ಮಾರನೇ ದಿನ ಹಟ ಹಿಡಿದು ಎಚ್ಚರವಿದ್ದು, ಅಮ್ಮ ಬುಟ್ಟಿ ಎತ್ತಿ ಹೊಸ್ತಿಲು ದಾಟುವಾಗ ಕೇಳಿಯೇಬಿಟ್ಟೆ.

"ಅಮ್ಮಾ, ಎಲ್ಲಿಗ್ ಹೋತಿ?"

ಅಜ್ಜಿ ಒಳಗಿನಿಂದಲೇ ಗದರಿದಳು: "ಹೊರ್ಟವರ್ನ ಹಿಂದಿಂದ ಕೇಂಬುದಾ? ಬಾಯ್ ಮುಚ್ಕಂಡ್ ಮನಿಕೋ ಹೆಣೆ!"

ಅಪಶಕುನವಾಯಿತಲ್ಲ, ಅಮ್ಮ ತಿರುಗಿ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಟಳು. ಅಷ್ಟರಲ್ಲಿ ಟೆಂಪೊ ಹೋಗಿಯಾಗಿತ್ತು. ಬಸ್ಸಿನಲ್ಲಿ ತಡವಾಗಿ ಹೋದವಳಿಗೆ ಸಿಕ್ಕಿದ್ದು ಮೆತ್ತಗಾದ ಮೀನು. ಬ್ರಹ್ಮಾವರ ಪೇಟೆಯಲ್ಲಿ ಅರ್ಧ ಬುಟ್ಟಿ ಹಾಗೇ ಉಳಿಯಿತು. ಅಮ್ಮ ಉಳಿದ ಮೀನಿಗೆ ಉಪ್ಪು ಹಾಕಿಟ್ಟು ನನಗೆ ಊಟ ಬಡಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ಕೇಳಲಿಲ್ಲ. ಆದರೆ ಕಣ್ಣು ನನ್ನ ಮಾತು ಕೇಳಬೇಕಲ್ಲ! ಎರಡೂವರೆಗೆ ಸರಿಯಾಗಿ ಎಚ್ಚರ. ನಿದ್ದೆಯಲ್ಲಿರುವವಳಂತೆ ಉಸಿರೆಳೆಯುತ್ತ ಬಿದ್ದಿರುತ್ತಿದ್ದೆ. ಅಮ್ಮ ದೀಪ ಹಾಕದೆ, ಬಳೆಗಳನ್ನು ಸದ್ದಾಗದಂತೆ ಮೇಲೆ ಸರಿಸಿಕೊಂಡು, ನನ್ನ ಬೆರಳಿನಿಂದ ಸೆರಗು ಬಿಡಿಸುತ್ತಿದ್ದಳು. ಒಮ್ಮೆ ತಲೆ ಸವರಿ ಹೋಗಲಿ, ನನಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಸವರುತ್ತಿರಲಿಲ್ಲ. ಬಾಗಿಲು, ಹಾರ್ನು, ಆಮೇಲೆ ಬೆಳಗಾಗುವವರೆಗೆ ಅಜ್ಜಿಯ ಗೊರಕೆ.

ಶಾಲೆಯಲ್ಲಿ ಮಗ್ಗಿ ಹೇಳುತ್ತಲೇ ತೂಕಡಿಸುತ್ತಿದ್ದೆ. ಟೀಚರು ಬೆಂಚಿನ ಮೇಲೆ ನಿಲ್ಲಿಸಿದರೆ ನಿಂತಲ್ಲೇ ನಿದ್ದೆ. "ಅದ್ ತೂಕಡ್ಸತ್ತ್, ಬ್ಯಾಡ ಮಾರಾಯ್ತಿ" ಎಂದು ಗೆಳತಿಯರು ಕುಂಟೆಬಿಲ್ಲೆಗೂ ಕರೆಯದಾದರು. ಮಗು ಹೆದರಿಕೊಂಡಿದೆಯೆಂದು ಅಜ್ಜಿ ನನ್ನ ಕೈಗೆ ಮಂತ್ರಿಸಿದ ನೂಲು ಕಟ್ಟಿಸಿದಳು. ನೂಲು ಕಟ್ಟಿಕೊಂಡೇ ಎಚ್ಚರವಿದ್ದೆ. ಅಷ್ಟು ಜನರ ನಡುವೆ ನಾನೊಬ್ಬಳೇ ಅನ್ನಿಸುತ್ತಿತ್ತು.

ಮೊನ್ನೆ ನನ್ನ ಮಗಳಿಗೆ ನಿದ್ದೆ ಬರುವುದಿಲ್ಲವೆಂದು ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. "ಮಗು ರಾತ್ರಿ ಯಾರನ್ನಾದರೂ ಕಾಯುತ್ತದಾ?" ಎಂದು ಅವರು ಕೇಳಿದರು. ಆಗ ನನ್ನನ್ನು ಯಾರೂ ಕೇಳದೇ ಹೋದ ಪ್ರಶ್ನೆ. ಮನೆಗೆ ಬಂದು, ಈಗ ಬುಟ್ಟಿ ಇಳಿಸಿ ನಮ್ಮೊಂದಿಗಿರುವ ಅಮ್ಮನಿಗೆ ಎಲ್ಲ ಹೇಳಿದೆ.

"ನಂಗೊತ್ತಿತ್ತ್ ಮಗಾ," ಅಂದಳು. "ನಿದ್ದಿ ಬಂದ ಮಕ್ಳ್ ಅಷ್ಟ್ ಗಟ್ಟಿ ಸೆರ್ಗ್ ಹಿಡ್ಕಂತ್ವಾ?"

"ಮತ್ತೆ ಒಂದ್ಸಲ ತಲಿ ಮುಟ್ಟುಕೆ ಎಂತ ಆಯ್ತ್ ನಿಂಗೆ?"

"ಮುಟ್ರೆ ನಂಗ್ ಹೋಪುಕೆ ಆತಿರ್ಲಿಲ್ಲೆ."

ಅಂದರೆ ಆ ಕತ್ತಲಲ್ಲಿ, ಒಂದೇ ಚಾಪೆಯ ಮೇಲೆ ಇಬ್ಬರೂ ಎಚ್ಚರವಿದ್ದೆವು. ಅಮ್ಮ ಆಗ ಕೈ ಚಾಚಿ ನನ್ನ ತಲೆ ಸವರಿದಳು. ಅರ್ಧ ನರೆತ ತಲೆ. ಆ ಕೈ ಬೇಕಾಗಿದ್ದದ್ದು ಒಂಬತ್ತು ವರ್ಷದವಳಿಗೆ.