ಚಪ್ಪಲಿ ಮಗುಚಿ ನೋಡುವ ಜಯಂತಿ ಟೀಚರ್

ಒಂದು ತಾಸಿನ ಕ್ಲಾಸಿಗೆ ಐನೂರು ರೂಪಾಯಿ. ಮುಂಬಯಿ ಪಕ್ಕದ ಕೋಪರಿಯಲ್ಲಿ ಆಗ ಆ ದುಡ್ಡಿಗೆ ಇಡೀ ತಿಂಗಳು ಜಿಮ್ಮಿಗೆ ಹೋಗಬಹುದಿತ್ತು. ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿಗೆ ಚೌಕಾಸಿ ಮಾಡಿ ಬೆಳೆದವನು ನಾನು, ಮುನ್ನೂರಕ್ಕೆ ಕೇಳಿದೆ. ಜಯಂತಿ ಟೀಚರ್ ಬಾಗಿಲಲ್ಲಿದ್ದ ನನ್ನ ಚಪ್ಪಲಿ ಎತ್ತಿ ಮಗುಚಿ ನೋಡಿದರು. ಎಡಗಾಲಿನದು ಸವೆದು ಹಪ್ಪಳವಾಗಿತ್ತು.

"ಭಟ್ರೆ, ನಿಮ್ಮ ಬಲಗಾಲು ಎಂತ, ರಜೆಯಲ್ಲಿ ಉಂಟಾ?"

ಐನೂರಕ್ಕೇ ಒಪ್ಪಿದೆ.

ಸೊಂಟದ ಡಿಸ್ಕ್ ಜಾರಿ ಮಲಗಿದ್ದೆ. ಆಪರೇಷನ್ ಬೇಡ, ಪಿಲಾಟಿಸ್ ವ್ಯಾಯಾಮ ಮಾಡಿ ಎಂದು ಡಾಕ್ಟರೇ ಇವರಲ್ಲಿಗೆ ಕಳಿಸಿದ್ದರು. ಅಷ್ಟರಲ್ಲಿ, ಕಪ್ಪು-ಬಸಿ ತೊಳೆಯುವುದರಿಂದ ಶುರುಮಾಡಿ ಡೊಂಬಿವಲಿಯಲ್ಲಿ ನಾನು ಕಟ್ಟಿದ ಹೊಟೇಲಿಗೆ ಭಾವ ಕೊಳ್ಳುವ ಗಿರಾಕಿ ಹುಡುಕಿಯಾಗಿತ್ತು. "ನಿಲ್ಲಲಿಕ್ಕಾಗದವ ಹೊಟೇಲು ನಡೆಸುವುದುಂಟಾ?" ಎಂಬುದು ಅವನ ಮಾತು.

ಟೀಚರ್ ಬೈಂದೂರಿನ ಕಡೆಯವರು, ಆಸ್ಪತ್ರೆಯಲ್ಲಿ ಫಿಸಿಯೋ ಆಗಿ ನಿವೃತ್ತರಾದವರು. ಮನೆಯ ಹಾಲಿನಲ್ಲಿ ನಾಲ್ಕು ಚಾಪೆ, ಒಂದಿಷ್ಟು ರಬ್ಬರ್ ಪಟ್ಟಿ, ಅಷ್ಟೇ. ಮಲಗಿ, ಉಸಿರು ಬಿಡುತ್ತ, ಹೊಟ್ಟೆ ಒಳಗೆಳೆದು ಒಂದು ಕಾಲನ್ನು ನಿಧಾನ ಎತ್ತಬೇಕು. ನೋಡಲು ಕೆಲಸವೇ ಅಲ್ಲ. ಬೆವರು ಮಾತ್ರ ಕಿವಿಗಿಳಿಯುತ್ತದೆ. ಶೌರ್ಯ ತೋರಿಸಿದರೆ ಬೈಗುಳ: "ಹಲ್ಲು ಕಚ್ಚಬೇಡಿ ಮಾರಾಯ್ರೆ, ಇದು ಹಲ್ಲಿನ ಕ್ಲಾಸಲ್ಲ."

ಅಲ್ಲಿ ಇಳಿದ ನೋವು ಹೊಟೇಲಿಗೆ ಹೋದೊಡನೆ ಮರಳುತ್ತಿತ್ತು. ಒಂದು ಬೆಳಿಗ್ಗೆ ಅವರು ಹೇಳದೆ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತರು. ಗಲ್ಲಾಪೆಟ್ಟಿಗೆಗೆ ಆನಿಕೊಂಡು, ಎಡಗಾಲಿನ ಮೇಲೆ ಭಾರ ಹಾಕಿ, ನಾನು ಘಳಿಗೆಗೊಮ್ಮೆ ಸೊಂಟ ಹಿಂದಕ್ಕೆ ತಿರುಚಿ ಅಡುಗೆಮನೆ ಕಾಯುತ್ತಿದ್ದೆ.

"ಟೀಚರ್, ನೀವಾದ್ರೂ ಹೇಳಿ, ಮಾರ್ಲಿಕ್ಕೆ" ಎಂದ ಭಾವ.

"ಮಾರುದು ಎಂತಕ್ಕೆ? ಗಲ್ಲಾ ತಿರುಗಿಸಿ. ಅಡುಗೆಮನೆ ಎದುರಿಗೆ ಬರ್ಲಿ."

"ಮುಹೂರ್ತ ನೋಡಿ ಪೂರ್ವಕ್ಕೆ ಇಟ್ಟದ್ದು ಅದು! ಲಕ್ಷ್ಮಿ ಹೊರಟು ಹೋಗ್ತಾಳೆ!"

"ದೇವರ ಫೋಟೋ ಅಲ್ಲೇ ಇರ್ಲಿ. ಲಕ್ಷ್ಮಿಗೆ ಸೊಂಟನೋವಿಲ್ಲ."

ಮಧ್ಯಾಹ್ನವೇ ತಿರುಗಿಸಿದೆ. ಭಾವ ತಿಂಗಳುಗಟ್ಟಲೆ ಕಾಲಿಡಲಿಲ್ಲ, ಲಕ್ಷ್ಮಿ ಬರುತ್ತಲೇ ಇದ್ದಳು. ಚಾಪೆಯನ್ನೂ ನಾನು ಬಿಡಲಿಲ್ಲ, ನೋವು ಕ್ರಮೇಣ ಇಳಿಯಿತು. ಹೊಟೇಲು ಇವತ್ತಿಗೂ ನನ್ನದೇ.

ಕೆಲವು ವರ್ಷಗಳ ಮೇಲೆ ಟೀಚರೇ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನೋಡಲು ಹೋದರೆ, ಹಾಸಿಗೆಯಲ್ಲೇ ಉಸಿರು ಬಿಡುತ್ತ ಪಾದ ಆಡಿಸುತ್ತಿದ್ದರು. ಮಗಳಿಂದ ನನ್ನ ಚಪ್ಪಲಿ ತರಿಸಿ ಮಗುಚಿದರು.

"ಎರಡೂ ಸಮ ಸವೆದಿದೆ. ಇನ್ನು ನನಗೆ ಫೀಸು ಕೊಟ್ರೆ ದಂಡ."

ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ನೋವಿರುವವರಿಗೆ ನನ್ನ ಮಾತು ಇಷ್ಟು: ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ, ನಿಮ್ಮ ಕೆಲಸವೇನು, ಹೇಗೆ ನಿಲ್ಲುತ್ತೀರಿ ಎಂದು ಕೇಳದ ಕ್ಲಾಸಿಗೆ ಒಂದು ರೂಪಾಯಿ ಕೊಡಬೇಡಿ; ಕೇಳುವವರು ಸಿಕ್ಕರೆ ಚೌಕಾಸಿ ಮಾಡಬೇಡಿ. ಕಟ್ಟಿದ್ದನ್ನು ಮಾರಿಬಿಡು ಎಂದು ಯಾರಾದರೂ ಬಂದರೆ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ನಿಮ್ಮ ಚಪ್ಪಲಿ ಮಗುಚಿ ನೋಡಿ.