ಸಲೋನಿಕದ ಗುಂಡು ಇಗರ್ಜಿ

ಮಣಿಪಾಲದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಪ್ರವಾಸದ ಪಟ್ಟಿ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ನಿವೃತ್ತ ದಂಪತಿಗಳಿಗಾಗಿ ಗ್ರೀಸಿನ ಥೆಸಲೋನಿಕಿ ನಗರದ ಹಳೆಯ ಇಗರ್ಜಿ, ಮಸೀದಿಗಳನ್ನು ಹುಡುಕುತ್ತಿದ್ದಾಗ ಒಂದು ಚಿತ್ರ ಎದುರಾಯಿತು... ದಪ್ಪ ಇಟ್ಟಿಗೆ ಗೋಡೆಯ ದುಂಡನೆಯ ಇಗರ್ಜಿ, ಅದರ ಪಕ್ಕದಲ್ಲೇ ಒಂಟಿ ಮಿನಾರು. ಈ ಕಟ್ಟಡದ ಬಗ್ಗೆ ನಾನು ಹತ್ತನೇ ವಯಸ್ಸಿನಲ್ಲೇ ನಮ್ಮೂರು ಕಾಪುವಿನಲ್ಲಿ ಕೇಳಿದ್ದೆ.

ಹೇಳಿದವರು ನಮ್ಮ ಪಕ್ಕದ ಮನೆಯ ಹಡಗಿನ ಮಾವ. ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾಗಿ ಊರಿಗೆ ಬಂದವರು. ಸಂಜೆ ಜಗಲಿಯಲ್ಲಿ ಕುಳಿತು, ಇಬ್ಬರಿಗೆ ಮಾಡುವ ಸಾರಿಗೆ ಮೂವತ್ತು ಜನರಿಗಾಗುವಷ್ಟು ಬೆಳ್ಳುಳ್ಳಿ ಸುಲಿಯುತ್ತಾ ಬಂದರುಗಳ ಕಥೆ ಹೇಳುತ್ತಿದ್ದರು.

“ಸಲೋನಿಕದಲ್ಲಿ ಒಂದು ಗುಂಡು ಇಗರ್ಜಿ ಉಂಟು ಮಗಾ. ಅದಕ್ಕೆ ಮಸೀದಿಯ ಮಿನಾರು!”

“ಇಗರ್ಜಿಗೆ ಎಂತಕ್ಕೆ ಮಿನಾರು ಮಾವ?”

“ಮೊದಲು ಇಗರ್ಜಿ, ಮತ್ತೆ ಮಸೀದಿ, ಈಗ ಪುನಃ ಇಗರ್ಜಿ. ಮಿನಾರನ್ನು ಯಾರೂ ಕೆಡವಲಿಲ್ಲ, ಅಷ್ಟೆ.”

ಮರುದಿನ ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಟೀಚರು ಅಟ್ಲಾಸ್ ಬಿಡಿಸಿ ಹುಡುಕಿದರು. ಸಲೋನಿಕ ಎಲ್ಲೂ ಇರಲಿಲ್ಲ. ಇಡೀ ತರಗತಿ ನಕ್ಕಿತು. ಸಂಜೆ ಮಾವನ ಗೇಟಿನ ಬಳಿಯೇ ನಿಂತು, “ಸಲೋನಿಕ ಅಂತ ಊರೇ ಇಲ್ಲ, ನೀವು ಹೇಳುವುದೆಲ್ಲ ಸುಳ್ಳು” ಎಂದು ಕೂಗಿದೆ.

ಅವರು ಸಿಟ್ಟಾಗಲಿಲ್ಲ. “ಹಡಗಿನಲ್ಲಿ ಎಲ್ಲರೂ ಆ ಊರಿಗೆ ಹಾಗೇ ಹೇಳುತ್ತಿದ್ದದ್ದು... ನನಗೇ ತಪ್ಪಿರಬಹುದು ಮಾರಾಯ್ತಿ” ಎಂದರು. ಆಮೇಲೆ ಸಿಕ್ಕಾಗಲೆಲ್ಲ ಪರೀಕ್ಷೆಯ ವಿಷಯ ಕೇಳುತ್ತಿದ್ದರು, ಬಂದರುಗಳ ಮಾತೆತ್ತಲಿಲ್ಲ. ನಾನು ಜಗಲಿಗೆ ಹೋಗುವುದೂ ನಿಂತಿತು.

ಈಗ ಚಿತ್ರದ ಕೆಳಗೆ ಆ ಊರಿನ ಹಳೆಯ ಹೆಸರೂ ಇತ್ತು: ಸಲೋನಿಕ.

ಮಾವ ತೀರಿಕೊಂಡು ಆರು ವರ್ಷವಾಗಿದೆ. ಭಾನುವಾರ ಕಾಪುವಿಗೆ ಹೋಗಿ, ಅವರ ಹೆಂಡತಿಗೆ ಫೋನಿನಲ್ಲಿ ಆ ಚಿತ್ರ ತೋರಿಸಿ, ನಾನು ಅಂದು ಕೂಗಿದ್ದನ್ನೂ ಹೇಳಿದೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ನೀನು ಬರುವುದು ನಿಂತ ಮೇಲೆ ಅವರು ಅಡುಗೆಮನೆಗೆ ಬಂದು ಆ ಕಥೆಗಳನ್ನೆಲ್ಲ ನನಗೆ ಹೇಳುತ್ತಿದ್ದರು. ಮಿಕ್ಸಿಯ ಸದ್ದಿನಲ್ಲಿ ನಾನು ಕೇಳಿದ್ದು ಅರ್ಧ... ಅಲ್ಲಿ ಅವರು ಕೈ ಮುಗಿದಿದ್ದರಾ?”

ಮಿನಾರಿನ ಬಗ್ಗೆ ಅಷ್ಟು ಕೇಳಿದ್ದ ನಾನು ಮಾವನ ಬಗ್ಗೆ ಏನನ್ನೂ ಕೇಳಿರಲಿಲ್ಲ. ಇನ್ನು ಕೇಳುವುದಾದರೂ ಯಾರನ್ನು?

“ಗೊತ್ತಿಲ್ಲ ಅತ್ತೆ.”

“ಮುಗಿದಿರಬಹುದು, ಅಲ್ವಾ?” ಎಂದು ಅತ್ತೆ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದರು. ಇಗರ್ಜಿಯ ಬಾಗಿಲಲ್ಲಿ ನಿಂತಿದ್ದ ಜನರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.