ನಿಂಗಮ್ಮನ ಕೊಪ್ಪೆಗೆ ಬಾತುಗಳು ಹೆದರುವುದಿಲ್ಲ

ಮರಡಿಕೊಪ್ಪಲಿನ ಕೆರೆಯ ಮೇಲೆ ಮಂಜು ಇನ್ನೂ ಹರಿದಿಲ್ಲ. ಏರಿಯ ಕೆಳಗಿನ ಹುರುಳಿ ಹೊಲದಲ್ಲಿ ಬೂದು ಬಣ್ಣದ ಬಾತುಗಳು ಗುಂಪು ಗುಂಪಾಗಿ ನಿಂತು ಎಳೆ ಚಿಗುರು ಮೇಯುತ್ತಿವೆ. ಅವುಗಳಿಂದ ಕಲ್ಲೆಸೆತದ ದೂರದಲ್ಲಿ, ತಲೆಯಿಂದ ಮಂಡಿಯವರೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬರು ನಡೆಯುತ್ತಿದ್ದಾರೆ. ಬಾತುಗಳ ಕಡೆಗಲ್ಲ, ಪಕ್ಕಕ್ಕೆ. ಎಲ್ಲೋ ಸೊಪ್ಪು ಕೊಯ್ಯಲು ಹೊರಟವರ ಹಾಗೆ. ಒಮ್ಮೆ ಬಗ್ಗಿ ಹುಲ್ಲು ಕೀಳುತ್ತಾರೆ, ನಾಲ್ಕು ಹೆಜ್ಜೆ ಹಾಕುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಬಾಯಲ್ಲಿ ಸಣ್ಣಗೆ ಮಾತು ನಡೆದೇ ಇದೆ. "ಸಾಕು ಏಳ್ರವ್ವ. ಹೊಟ್ಟೆ ತುಂಬ್ತಲ್ಲ. ಬಿಸ್ಲು ಬರೋ ಹೊತ್ತಾಯ್ತು, ನೀರಿಗೆ ನಡೀರಿ."

ಬಾತುಗಳು ನಡೆಯುತ್ತವೆ. ಗಾಬರಿಯಿಲ್ಲ, ಗಲಾಟೆಯಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ ಎದ್ದವರಂತೆ ನಿಧಾನಕ್ಕೆ ಏರಿಯ ಕಡೆ ಹೊರಡುತ್ತವೆ. ಏರಿಯ ಬುಡದಲ್ಲಿ ನಾಲ್ಕು ಬಾತು ರೆಕ್ಕೆ ಬಿಚ್ಚಿ ಆಚೆಯ ನೀರಿಗೆ ಇಳಿಯುತ್ತವೆ, ಅವುಗಳ ಹಿಂದೆ ಹತ್ತು, ಆಮೇಲೆ ಇಡೀ ಹಿಂಡು. ಹೊಲ ಖಾಲಿ. ಇವರ ಕೆಲಸ ನೋಡಿ ಬರೆಯಲು ಬಂದ ನಾನೂ ಏರಿಯ ಮೇಲೆ ಒಂದು ಕೊಪ್ಪೆಯೊಳಗೆ ಮುದುರಿ ಕೂತಿದ್ದೇನೆ. ನಸುಕಿನಲ್ಲಿ ಏಳುವುದೆಂದರೆ ನನಗೆ ಜ್ವರ ಬಂದಷ್ಟೇ ಸಂಕಟ, ಅದರ ಮೇಲೆ ಗೋಣಿಯ ಕಡಿತ ಬೇರೆ. ಆದರೆ ಕೊಪ್ಪೆ ಹಾಕದವರನ್ನು ನಿಂಗಮ್ಮ ಏರಿ ಹತ್ತಲು ಬಿಡುವುದಿಲ್ಲ. ಅದಕ್ಕೊಂದು ಕಾರಣವಿದೆ, ಹೇಳುತ್ತೇನೆ.

ಕುಶಾಲನಗರದಿಂದ ಒಳದಾರಿ ಹಿಡಿದರೆ ಸಿಗುವ ಈ ಊರಲ್ಲಿ ಇರುವವರು ಹಿಂದೆ ಹಾಸನ, ಮೈಸೂರು ಕಡೆಯಿಂದ ಬಂದು ನೆಲೆ ನಿಂತ ಒಕ್ಕಲು ಮನೆಗಳವರು. ಕೊಡಗು ಎಂದರೆ ಬೆಟ್ಟ, ಕಾಫಿ ಎಂದುಕೊಂಡು ಬಂದವರಿಗೆ ಇಲ್ಲಿ ಕಾಣುವುದು ಬರೀ ಬಯಲು, ಗದ್ದೆ ಮತ್ತು ಈ ಕೆರೆ. ಚಳಿ ಶುರುವಾದರೆ ಹಿಮಾಲಯ ದಾಟಿದ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ. ಊರವರ ಬಾಯಲ್ಲಿ ಅವು ಪಟ್ಟೆ ಬಾತು. ಹಗಲೆಲ್ಲ ಕೆರೆಯಲ್ಲಿ ನಿದ್ದೆ, ಕತ್ತಲಾದ ಮೇಲೆ ಹೊಲದಲ್ಲಿ ಮೇವು. ಭತ್ತ ಕೊಯ್ದ ಗದ್ದೆಗೆ ಚೆಲ್ಲಿದ ಹುರುಳಿ ಚಿಗುರಿದಾಗ ಅವುಗಳಿಗೆ ಹಬ್ಬ, ರೈತರಿಗೆ ತಲೆನೋವು. ನಿಂಗಮ್ಮನನ್ನು ಊರು ನೇಮಿಸಿಕೊಂಡಿರುವುದು ಈ ಹಬ್ಬ ಬೇಗ ಮುಗಿಸುವುದಕ್ಕೆ. ಅರವತ್ತು ದಾಟಿದ ಅವರಿಗೆ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದಿಷ್ಟು ಕಾಳು ಸಲ್ಲುತ್ತದೆ.

ಇವತ್ತು ಸಂಕ್ರಾಂತಿ. ನಿಂಗಮ್ಮನ ಪಾಲಿಗೆ ಇದು ಹಬ್ಬಕ್ಕಿಂತ ಹೆಚ್ಚಾಗಿ ಗಡುವಿನ ದಿನ. ಕೋಡಿಯ ಪಕ್ಕದ ದೊಡ್ಡ ಹೊಲ ಚನ್ನಮಲ್ಲಪ್ಪ ಎಂಬವರದು. ಕಳೆದ ತಿಂಗಳು ಅವರ ಹುರುಳಿ ಒಂದೇ ರಾತ್ರಿಯಲ್ಲಿ ಅರ್ಧ ಬೋಳಾಯಿತು. ಮಾರನೆಯ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಊರೆಲ್ಲ ಕ್ಯಾನ್ ಹಿಡಿದು ನಿಂತಿದ್ದಾಗ ಅವರು ಒಂದು ಡಬ್ಬಿ ತಂದು ಕಟ್ಟೆಯ ಮೇಲಿಟ್ಟರು. ಒಳಗೆ ಆನೆ ಪಟಾಕಿ. ತೋಟಕ್ಕೆ ಆನೆ ನುಗ್ಗಿದಾಗ ಹಚ್ಚುವ, ಕಿವಿ ಹರಿದುಹೋಗುವಂಥ ಪಟಾಕಿ. "ಸಂಕ್ರಾಂತಿವರ್ಗೂ ನಿಂಗಮ್ಮಂಗೆ ಟೈಮ್ ಕೊಡ್ತೀನಿ. ಅಷ್ಟರೊಳ್ಗೆ ನನ್ ಹೊಲ ಸುಧಾರಿಸ್ದಿದ್ರೆ ಇದ್ನ ಹಚ್ಚೋದೇಯ" ಎಂದು ಹೇಳಿ ಹಾಲು ಹಾಕಿ ಹೋದರು. ಯಾರೂ ಎದುರಾಡಲಿಲ್ಲ. ನಷ್ಟ ಆದವರ ಸಿಟ್ಟು ಸುಳ್ಳಲ್ಲವಲ್ಲ.

ಆ ಪಟಾಕಿ ಹಚ್ಚಿದರೆ ಏನಾಗುತ್ತದೆ ಎಂಬುದು ನಿಂಗಮ್ಮನಿಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಹಿಂದೊಮ್ಮೆ ಹಚ್ಚಿದವರು ಅವರ ಗಂಡ ಸಣ್ಣಸ್ವಾಮಿಯೇ. ಮೊದಲು ಹಕ್ಕಿ ಕಾಯುವ ಕೆಲಸ ಅವರದೇ ಆಗಿತ್ತು. ತಗಡಿನ ಡಬ್ಬ ಬಡಿಯುವುದು, ಕವಣೆ ಬೀಸುವುದು, ಗಂಟಲು ಹರಿಯುವಂತೆ ಕೂಗುವುದು. ಒಂದು ವರ್ಷ ಊರಿಗೆ ಆನೆ ಬಂದಾಗ ಉಳಿದ ಪಟಾಕಿಯನ್ನು ಬಾತುಗಳ ಮೇಲೂ ಒಂದು ಕೈ ನೋಡೋಣ ಎಂದು ಏರಿಯ ಮೇಲೆ ಹಚ್ಚಿದರು. "ಒಂದೇ ಸದ್ದು ಕಣವ್ವ," ಎಂದು ಸಣ್ಣಸ್ವಾಮಿ ಈಗಲೂ ತಲೆ ತಗ್ಗಿಸುತ್ತಾರೆ. "ಮೋಡ ಎದ್ದಂಗೆ ಎದ್ವು. ಆ ವರ್ಷನೂ ಬರ್ಲಿಲ್ಲ, ಮುಂದಿನ ವರ್ಷನೂ ಬರ್ಲಿಲ್ಲ. ಇವ್ಳು ನನ್ ಜೊತೆ ಸರ್ಯಾಗಿ ಮಾತೇ ಆಡ್ಲಿಲ್ಲ."

"ಆಡೋಕೆ ಏನಿತ್ತು?" ಎನ್ನುತ್ತಾರೆ ನಿಂಗಮ್ಮ. "ನಾನು ಈ ಊರಿಗೆ ಮದ್ವೆ ಆಗ್ ಬಂದಾಗ ಯಾರ್ದೂ ಪರಿಚಯ ಇಲ್ಲ. ಬೆಳಗ್ಗೆ ಎಚ್ರ ಆದ್ರೆ ಅಳು ಬರೋದು. ಆಗ ಇವು ಕೆರೇಲಿ ಕೊರ್ ಕೊರ್ ಅಂತ ಮಾತಾಡ್ಕೊಳ್ಳೋವು. ಇವೂ ಎಲ್ಲಿಂದ್ಲೋ ಬಂದವೆ, ನಾನೂ ಬಂದಿದೀನಿ ಅನ್ಸೋದು. ಆಮೇಲೆ ಅಳು ನಿಂತೋಯ್ತು."

ಇದನ್ನು ಹೇಳುವಾಗ ಅವರು ನಗುತ್ತಿದ್ದಾರೆ.

ಬಾತುಗಳು ಮತ್ತೆ ಬಂದ ವರ್ಷ ಸಣ್ಣಸ್ವಾಮಿಯ ಮಂಡಿ ಕೈಕೊಟ್ಟಿತ್ತು. ಕೆಲಸ ನಿಂಗಮ್ಮನ ಪಾಲಿಗೆ ಬಂತು. ಅವರಿಗೋ ಕೂಗಲು ಗಂಟಲಿಲ್ಲ, ಕವಣೆ ಬರುವುದಿಲ್ಲ. ಮೊದಲ ದಿನ ಏನು ಮಾಡುವುದೆಂದು ತೋಚದೆ, ಇಬ್ಬನಿಗೆಂದು ಕೊಪ್ಪೆ ಹಾಕಿಕೊಂಡು, ಹೇಗೂ ಬಂದಿದ್ದೇನಲ್ಲ ಎಂದು ಹಸುವಿಗೆ ಹುಲ್ಲು ಕೀಳುತ್ತಾ ಹೊಲದ ಅಂಚಿನಲ್ಲಿ ಸಾಗಿದರು. ತಲೆಯೆತ್ತಿ ನೋಡಿದರೆ ಬಾತುಗಳು ತಾವಾಗಿಯೇ ಸರಿದು ನೀರಿಗೆ ಹೊರಟಿದ್ದವು. ಅಂದಿನಿಂದ ಅವರ ಕೆಲಸದ ರೀತಿ ಅದೇ. ನೇರ ನಡೆಯಬಾರದು, ಕಣ್ಣಿಟ್ಟು ನೋಡಬಾರದು, ಕೈಯಲ್ಲಿ ಹುಲ್ಲಿನ ಕೆಲಸ ಇರಬೇಕು. "ನಾನು ಓಡ್ಸಲ್ಲ ಕಣವ್ವ, ಹೊತ್ತಾಯ್ತು ಅಂತ ನೆನಪು ಮಾಡ್ತೀನಿ ಅಷ್ಟೇಯ."

ನಸುಕಿಗೆ ಒಂದು ಸುತ್ತು, ಹೊತ್ತು ಮುಳುಗುವಾಗ ಇನ್ನೊಂದು. ಸಂಜೆಯ ಸುತ್ತಿನಲ್ಲಿ ಬಾತುಗಳನ್ನು ಚಿಗುರಿನ ಹೊಲದಿಂದ ತಪ್ಪಿಸಿ ಕೊಯ್ದ ಗದ್ದೆಯ ಕೂಳೆಯ ಕಡೆ ತಿರುಗಿಸಬೇಕು. ಎಲ್ಲ ದಿನವೂ ಅವು ಮಾತು ಕೇಳುವುದಿಲ್ಲ. ಚನ್ನಮಲ್ಲಪ್ಪನ ಹೊಲ ಬೋಳಾದ ರಾತ್ರಿ ನಿಂಗಮ್ಮ ಚಳಿಜ್ವರದಿಂದ ಮಲಗಿದ್ದರು. "ತಪ್ಪು ನಂದೇಯ, ಅವ್ರ ಸಿಟ್ಟು ನ್ಯಾಯ" ಎಂದು ತಾವೇ ಹೇಳುತ್ತಾರೆ. ಗಡುವು ಬಿದ್ದ ಮೇಲೆ ಆ ಹೊಲದ ಬದುವಿನಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು. ಚಿಗುರು ಮೆಲ್ಲಗೆ ಏಳುತ್ತಿತ್ತು. ಅಷ್ಟರಲ್ಲಿ ಬಂತು ನೋಡಿ, ಸನ್ಮಾನ.

ಮೂರ್ನಾಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ತೀರ್ಥಪ್ರಸಾದ್ ರಜೆಯ ದಿನ ದುರ್ಬೀನು ಹಿಡಿದು ಹಕ್ಕಿ ನೋಡಲು ಹೊರಡುವವರು. ನಿಂಗಮ್ಮನ ಕೆಲಸ ಕಂಡು ಮನಸ್ಸು ತುಂಬಿ ಬಂದು, ಹೊಸ ವರ್ಷದ ಮೊದಲ ಭಾನುವಾರ ಗೆಳೆಯರನ್ನು ಕಟ್ಟಿಕೊಂಡು ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಜೊತೆಗೆ, ಪಾಪ ಈ ವಯಸ್ಸಿನಲ್ಲಿ ಗೋಣಿ ಹೊದ್ದುಕೊಂಡು ಚಳಿಗೆ ನಡುಗುತ್ತಾರಲ್ಲ ಎಂದು ಒಂದು ಬೆಚ್ಚನೆಯ ಜರ್ಕಿನ್. ಬಣ್ಣ ಕಿತ್ತಳೆ. ಕಣ್ಣು ಕುಕ್ಕುವ ಕಿತ್ತಳೆ.

ಕೊಟ್ಟವರ ಮನಸ್ಸು ನೋಯಬಾರದೆಂದು ನಿಂಗಮ್ಮ ಮಾರನೆಯ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಹೊಲಕ್ಕೆ ಇಳಿದರು. ಬಾತುಗಳು ಒಮ್ಮೆಗೇ ತಲೆಯೆತ್ತಿದವು. ಮರುಕ್ಷಣ ಇಡೀ ಹಿಂಡು ಕಿರುಚುತ್ತಾ ಮೇಲೆದ್ದು, ಕೆರೆಯ ಮೇಲೆ ಸುತ್ತು ಹೊಡೆದು, ಹಾರಂಗಿ ಅಣೆಕಟ್ಟೆಯ ದಿಕ್ಕಿಗೆ ಹೋಯಿತು. "ನಾನೇ ಕಣ್ರವ್ವಾ, ನಾನೇ ನಿಂಗಮ್ಮ ಅಂತ ಕೂಗ್ದೆ. ಕೂಗಿದ್ದು ಇನ್ನೂ ತಪ್ಪಾಯ್ತು" ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರು. ಪಟಾಕಿ ಮಾಡಬೇಕಾಗಿದ್ದ ಕೆಲಸವನ್ನು ಸನ್ಮಾನ ಮಾಡಿ ಮುಗಿಸಿತ್ತು.

ಕೆರೆ ಖಾಲಿಯಾಯಿತು. ಸುದ್ದಿ ತಿಳಿದ ತೀರ್ಥಪ್ರಸಾದ್ ಅಂಗಡಿ ಮುಚ್ಚಿಕೊಂಡು ಓಡಿ ಬಂದರು. "ಅಮ್ಮಾ, ನಮ್ಮಿಂದ ಎಡವಟ್ಟಾಯ್ತು" ಎನ್ನುತ್ತಾ ಏರಿಯ ಮೇಲೆ ಕುಸಿದು ಕೂತವರಿಗೆ ನಿಂಗಮ್ಮನೇ ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಚನ್ನಮಲ್ಲಪ್ಪನಿಗೆ ಪಟಾಕಿ ಹಚ್ಚದೆಯೇ ಗೆಲುವು. ಆದರೆ ಆ ವಾರ ಅವರಿಗೆ ಎರಡು ಸಲ ಹಾಲಿನ ವ್ಯಾನ್ ತಪ್ಪಿತು. ಕೋಡಿಯ ಪಕ್ಕದ ಮನೆ ಅವರದು. ಬಾತುಗಳು ನೀರಿಗಿಳಿಯುವ ಸದ್ದಿಗೆ ಎದ್ದು ಹಾಲು ಕರೆಯುವುದು ರೂಢಿ. ಡೇರಿಯಲ್ಲಿ ಯಾರೋ ಛೇಡಿಸಿದರೆ "ಮೊಬೈಲ್ ಕೆಟ್ಟೋಗಿತ್ತು" ಎಂದು ಗೊಣಗಿದರಂತೆ.

ನಿಂಗಮ್ಮ ಹಳೆಯ ಕೊಪ್ಪೆ ಹಾಕಿಕೊಂಡು, ಖಾಲಿ ಹೊಲದಲ್ಲೇ, ಒಂದು ಬಾತೂ ಇಲ್ಲದಿದ್ದರೂ ದಿನಾ ಅದೇ ಸುತ್ತು ಹಾಕಿದರು, ಅದೇ ಮಾತು ಆಡಿದರು. ಊರವರು ಒಂದು ಥರಾ ನೋಡಿದರು. ಹಬ್ಬಕ್ಕೆ ಇನ್ನೇನು ನಾಲ್ಕೈದು ದಿನ ಇದೆ ಅನ್ನುವಾಗ ನಸುಕಿನಲ್ಲಿ ಮೇಲಿನಿಂದ ಕೊರ್ ಕೊರ್ ಕೇಳಿಸಿತು. ಹಿಂಡು ಬಂದು ಇಳಿದದ್ದು ಸರಿಯಾಗಿ ಚನ್ನಮಲ್ಲಪ್ಪನ ಹುರುಳಿಯ ನಡುವೆ. ಬದುವಿನ ಮೇಲೆ ಚನ್ನಮಲ್ಲಪ್ಪ ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು. ನಿಂಗಮ್ಮ ಓಡುವಂತಿಲ್ಲ, ಕೂಗುವಂತಿಲ್ಲ. ಹುಲ್ಲು ಕೀಳುತ್ತಾ, ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಬಾತುಗಳನ್ನು ನೀರಿಗೆ ನಡೆಸಿದರು. ಪಟಾಕಿ ಸಿಡಿಯಲಿಲ್ಲ.

"ಕಡ್ಡಿ ಇಬ್ಬನಿಗೆ ನೆಂದಿತ್ತು" ಎನ್ನುತ್ತಾರೆ ಚನ್ನಮಲ್ಲಪ್ಪ, ನಾನು ಕೇಳಿದ್ದಕ್ಕೆ. ಅದೇ ಪೊಟ್ಟಣದಿಂದ ಅವರು ಆಮೇಲೆ ಬೀಡಿ ಹಚ್ಚಿದ್ದನ್ನು ಸಣ್ಣಸ್ವಾಮಿ ಕಂಡಿದ್ದಾರೆ.

ಇವತ್ತಿನ ಸುತ್ತು ಮುಗಿದಿದೆ. ಕೊಪ್ಪೆ ಕೊಡವಿ ನಾವು ನಿಂಗಮ್ಮನ ಜಗಲಿಗೆ ಬರುತ್ತೇವೆ. ಕಿತ್ತಳೆ ಜರ್ಕಿನ್ ತೊಟ್ಟು ಬಿಸಿಲಿಗೆ ಕೂತಿರುವವರು ಸಣ್ಣಸ್ವಾಮಿ. ಸಂತೆಗೆ, ಆಸ್ಪತ್ರೆಗೆ ಅದನ್ನು ಹಾಕಿಕೊಂಡು ಹೋಗಲು ಅನುಮತಿ ಇದೆ. ಏರಿಯ ಕಡೆ ತಲೆ ಹಾಕುವಂತಿಲ್ಲ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಚನ್ನಮಲ್ಲಪ್ಪ ಕಾಣುತ್ತಾರೆ. ಹೊಲ ನೋಡಿಕೊಂಡೇ ಬಂದಿರುವುದು ಕೆಸರು ಕಾಲಲ್ಲೇ ಗೊತ್ತಾಗುತ್ತದೆ. ಒಂದು ಕೈಯಲ್ಲಿ ಪಟಾಕಿ ಡಬ್ಬಿ. ಇನ್ನೊಂದರಲ್ಲಿ ಅವರ ಹೆಂಡತಿ ಸರ್ವಮಂಗಳ ಕೊಟ್ಟು ಕಳಿಸಿದ ಎಳ್ಳು ಬೆಲ್ಲದ ಪೊಟ್ಟಣ. ನಿಂಗಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಾರೆ.

ಚನ್ನಮಲ್ಲಪ್ಪ ಮೊದಲು ಎಳ್ಳು ಕೊಡುತ್ತಾರೆ. ಎಳ್ಳು ಕೊಟ್ಟವರು ಆ ದಿನ ಕೊಂಕು ಮಾತು ಆಡುವಂತಿಲ್ಲ. ಸಿಟ್ಟಿನ ಗಡುವನ್ನು ತಂದು ತಂದು ಸಂಕ್ರಾಂತಿಗೇ ಇಟ್ಟುಕೊಂಡದ್ದು ಅವರೇ ಮಾಡಿಕೊಂಡ ತಪ್ಪು. "ಬದು ಕಡೆ ಇನ್ನೂ ಮೇಯ್ತಾವೆ. ನಡುವೆ ಪರ್ವಾಗಿಲ್ಲ, ಎದ್ದೈತೆ," ಎನ್ನುತ್ತಾರೆ. ಡಬ್ಬಿಯನ್ನು ಸಣ್ಣಸ್ವಾಮಿಯ ಮಡಿಲಿಗೆ ಇಡುತ್ತಾರೆ. "ಆನೆ ಬಂದ್ರೆ ಬೇಕಾಯ್ತದೆ, ನೀನೇ ಇಟ್ಕೊ. ನಿಂಗಮ್ಮ, ನಿಂಗೆ ಬರೋ ವರ್ಷದವರ್ಗೂ ಟೈಮ್ ಕೊಟ್ಟಿದೀನಿ. ಸಂಕ್ರಾಂತಿವರ್ಗೂ."

ಮತ್ತೆ ಸಂಕ್ರಾಂತಿ! ಸಣ್ಣಸ್ವಾಮಿ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತಾರೆ. ಚನ್ನಮಲ್ಲಪ್ಪ ಯಾರ ಮುಖವನ್ನೂ ನೋಡದೆ, ವ್ಯಾನ್ ಹೊರಟುಬಿಡುತ್ತದೆ ಎನ್ನುತ್ತಾ ಡೇರಿಯ ಕಡೆ ದೊಡ್ಡ ಹೆಜ್ಜೆ ಹಾಕುತ್ತಾರೆ.

ಸಂಜೆಯ ಸುತ್ತಿಗೆ ತೀರ್ಥಪ್ರಸಾದ್ ಮತ್ತು ಗೆಳೆಯರೂ ಬರುತ್ತಾರೆ. ದುಬಾರಿ ಕ್ಯಾಮೆರಾ ಹಿಡಿದ ಐದಾರು ಜನ ಗೋಣಿ ಕೊಪ್ಪೆಯೊಳಗೆ ಸಾಲಾಗಿ ಕೂತಿರುವುದು ದೂರದಿಂದ ಅಕ್ಕಿ ಮೂಟೆ ಜೋಡಿಸಿದ ಹಾಗಿದೆ. ಕೂಳೆಯ ಕಡೆ ತಿರುಗಿ ಮೇಯುತ್ತಿರುವ ಬಾತುಗಳ ನಡುವೆಯೇ ನಿಂಗಮ್ಮ ಹುಲ್ಲು ಕೀಳುತ್ತಾ ನಡೆದು ಹೋಗುತ್ತಾರೆ. ಇನ್ನೇನು ತುಳಿಯುತ್ತಾರೆ ಅನ್ನುವಷ್ಟು ಹತ್ತಿರ. ಮುಗಿಸಿ ಬಂದವರನ್ನು ಕೇಳುತ್ತೇನೆ, ಇಷ್ಟು ವರ್ಷ ಮಾಡಿದ್ದಕ್ಕೆ ಊರಿಂದಲೋ ಸರ್ಕಾರದಿಂದಲೋ ಏನಾದರೂ ಸಿಗಬೇಕು ಅನ್ನಿಸುವುದಿಲ್ಲವಾ?

ನಿಂಗಮ್ಮ ಕೊಪ್ಪೆ ತೆಗೆದು ಕೊಡವುತ್ತಾರೆ. "ಅವತ್ತು ಆ ಕಿತ್ಲೆ ಕೋಟ್ ಹಾಕ್ದಾಗ ಅಷ್ಟೂ ಬಾತು ತಲೆ ಎತ್ತಿ ನನ್ನೇ ನೋಡ್ಬಿಟ್ವು ಕಣವ್ವ. ಜೀವನ್ದಲ್ಲಿ ಯಾರೂ ಹಂಗೆ ನೋಡಿರ್ಲಿಲ್ಲ, ಎದೆ ಒಡ್ದೋಯ್ತು. ಇವತ್ತು ನಡುವ್ಲಿಂದ ಹೋದ್ನಲ್ಲ, ನೋಡಿದ್ಯಾ? ಒಂದೇ ಒಂದೂ ತಲೆ ಎತ್ಲಿಲ್ಲ."